ಒಗ್ಗರಣಿ ಡಬ್ಬಿ, ಹಾಲಿನ ಲೆಕ್ಕ, ಅವ್ವನ ಪದ

ಹ್ವಾದ ವಾರ ಅಟ್ಟದ ಮ್ಯಾಲಿನ ಟ್ರಂಕ್ ಇಳಿಸಿದಾಗ ತಳದಾಗ ಹನ್ನೊಂದು ಫ್ಲಾಪಿ ಸಿಕ್ಕುವು. ಒಂದೊಂದರ ಮ್ಯಾಲೂ ನನ್ನ ಅಕ್ಷರದಾಗ "ಅವ್ವನ ಪದ" ಅಂತ ಬರದೈತಿ. ಸೊಸಿ ಕೇಳಿದ್ಲು, "ಅತ್ತೀ, ಇವನ್ನೆಲ್ಲಾ ಇನ್ನೂ ಯಾಕ ಇಟ್ಟೀರಿ?" ಒಳಗ ಓದೂವಂಥದ್ದು ಅರ್ಧಾನೂ ಇಲ್ಲ. ಆದ್ರೂ ಒಗೀಲಿಕ್ಕೆ ಮನಸ್ಸಾಗವಲ್ದು. ಅದರ ಕತಿ ಇವತ್ತು ಹೇಳತೇನಿ. ನಡುವ ಕಂಪ್ಯೂಟರಿನ ಇತಿಹಾಸಾನೂ ಬರತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಕಂಪ್ಯೂಟರಿನ್ಯಾಗ "ಕ್ಯಾಶ್" ಅಂತ ಒಂದು ಜಾಗಾ ಇರತೈತಿ. ರೊಕ್ಕದ ಕ್ಯಾಶ್ ಅಲ್ಲ. ಫ್ರೆಂಚ್ ಭಾಷಾದಾಗ ಬಚ್ಚಿಡೂದು ಅನ್ನೂ ಅರ್ಥದ ಮಾತಿನಿಂದ ಬಂದದ್ದು. ಅದರ ಕೆಲಸ ನಮ್ಮ ಒಗ್ಗರಣಿ ಡಬ್ಬಿದು. ಸಾಸ್ವಿ, ಜೀರಗಿಗೆ ಪ್ರತಿ ಸಲ ಉಗ್ರಾಣಕ್ಕ ಓಡಿದ್ರ ಎಣ್ಣಿ ಹೊತ್ತಿ ಹೋಗತೈತಿ. ಅದಕ್ಕ ಒಲಿ ಬಾಜೂಕ ಸಣ್ಣ ಡಬ್ಬಿ ಇಟ್ಕೋತೇವಿ. ಪ್ರೊಸೆಸರ್ ಅಂದ್ರ ಅಡಗಿ ಮಾಡಾಕಿ, ಮೆಮೊರಿ ಅಂದ್ರ ಉಗ್ರಾಣ, ಕ್ಯಾಶ್ ಅಂದ್ರ ಒಗ್ಗರಣಿ ಡಬ್ಬಿ.

ಇಂಗ್ಲೆಂಡಿನ ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ಅನ್ನೂವ್ರು 1965ರಾಗ ಈ ವಿಚಾರ ಬರದ್ರು. ಅವರು ಅದಕ್ಕ "ಸ್ಲೇವ್ ಮೆಮೊರಿ" ಅಂದಿದ್ರು. 1968ರಾಗ ಐಬಿಎಂನವ್ರು ಸಾರಿದ ಸಿಸ್ಟಮ್ 360 ಮಾಡೆಲ್ 85 ಅನ್ನೂ ದೊಡ್ಡ ಯಂತ್ರದಾಗ 16 ಕಿಲೋಬೈಟಿನ ಕ್ಯಾಶ್ ಬಂತು. ಮನಿ ಕಂಪ್ಯೂಟರಿಗೆ ಅದು ಬರೂದು ತಡಾ ಆತು. 386ರ ಕಾಲಕ್ಕ ಡಬ್ಬಿ ಮದರ್‌ಬೋರ್ಡಿನ ಮ್ಯಾಲೆ ಇತ್ತು. 1989ರಾಗ ಇಂಟೆಲ್‌ನವ್ರು 486 ತಂದಾಗ ಪ್ರೊಸೆಸರಿನ ಹೊಟ್ಟ್ಯಾಗೇ 8 ಕಿಲೋಬೈಟ್ ಇಟ್ರು. ಹೊರಗ ಬೋರ್ಡಿನ ಮ್ಯಾಲೆ ಇನ್ನೊಂದು ಡಬ್ಬಿ ಇದ್ದೇ ಇತ್ತು, 64ರಿಂದ 256 ಕಿಲೋಬೈಟಿನ ತನಕ. ಒಂದ ಅಡಗಿಮನ್ಯಾಗ ಅತ್ತಿ ಡಬ್ಬಿ ಬ್ಯಾರೆ, ಸೊಸಿ ಡಬ್ಬಿ ಬ್ಯಾರೆ ಆದಂಗ. ಜಗಳ ಬರದ ಇರತೈತೇನ್ರಿ?

1992ರಾಗ ಸೈರಿಕ್ಸ್ ಕಂಪನಿ 486ಡಿಎಲ್‌ಸಿ ಅನ್ನೂ ಪ್ರೊಸೆಸರ್ ತಂತು. ಹಳೇ 386 ಬೋರ್ಡಿನ್ಯಾಗ ಅದು ಸರಿಯಾಗಿ ಕೂಡ್ರತಿತ್ತು. ಆದ್ರ ಅದರೊಳಗ 1 ಕಿಲೋಬೈಟಿನ ಕ್ಯಾಶ್ ಇರೂದು ಆ ಹಳೇ ಬೋರ್ಡಿಗೆ ಗೊತ್ತ ಇರಲಿಲ್ಲ. ಕೂತಿತು ಅಂದ್ರ ಹೊಂದಿತು ಅಂತ ಅಲ್ಲ, ನಮ್ಮ ಸಂಬಂಧಗಳಂಗನ.

ಈಗ ನಮ್ಮನಿ ಕತಿ. 1998ರಾಗ ನಮ್ಮ ಮೈದುನ ಒಂದು ಹಳೇ 486 ತಂದ. ಅಂಗಡಿಯಾವ ಅದರಾಗಿನ ಪ್ರೊಸೆಸರ್ ತಗದು, ಹೊಸಾ ನಮೂನಿ ಜೋರಿನ 486 ಹಾಕಿ ಕೊಟ್ಟಿದ್ದ. ಅವ್ವ ಆಗ ನಮ್ಮಲ್ಲೇ ಇದ್ಲು. ಮಧ್ಯಾಹ್ನ ಊಟ ಆದಮ್ಯಾಲೆ ಆಕಿ ಬೀಸೂ ಪದ, ಸೋಬಾನ ಪದ ಹಾಡಾಕಿ, ನಾನು ಒಂದೊಂದ ಬೆರಳಿಲೆ ಟೈಪ್ ಮಾಡಾಕಿ. ಒಂದು ಚಳಿಗಾಲ ಪೂರ್ತಿ ಹಿಡೀತು. ನೂರಕ್ಕ ಹತ್ರ ಪದ ಆಗಿದ್ವು.

ಆಮ್ಯಾಲೆ ಕಂಪ್ಯೂಟರ್ ನಡನಡುವ ನಿಂದ್ರಲಿಕ್ಕೆ ಹತ್ತಿತು. ಅಂಗಡಿಯಾವ ಬಂದು, "ವೈರಸ್ ಬಂದೈತ್ರಿ, ಎಲ್ಲಾ ಅಳಸಿ ಹೊಸದಾಗಿ ಹಾಕಬೇಕು. ಬೇಕಾದ್ದು ಫ್ಲಾಪಿಗೆ ತಕ್ಕೋರಿ" ಅಂದ. ತಕ್ಕೊಂಡೆ. ಅಳಸಿದ. ತಿರುಗಿ ಫ್ಲಾಪಿ ಹಾಕಿ ನೋಡಿದ್ರ ಒಂದ ಪದದ ಎರಡು ಸಾಲು, ಆಮ್ಯಾಲೆ ಗೀಚು, ಆಮ್ಯಾಲೆ ಬ್ಯಾರೆ ಪದದ ಬಾಲ. "ನಿಮಗ ಕಾಪಿ ಮಾಡಲಿಕ್ಕೆ ಬರಂಗಿಲ್ಲ" ಅಂತ ಮನ್ಯಾಗೂ ಅಂದ್ರು, ಅಂಗಡಿಯಾವನೂ ಅಂದ. ನಾನೂ ಹಂಗ ತಿಳಕೊಂಡೆ. ಅವ್ವ ಒಂದ ಮಾತೂ ಆಡಲಿಲ್ಲ. ಅದ ಹೆಚ್ಚಿಗಿ ಚುಚ್ಚಿತು.

ರಜಾಕ್ಕ ಬಂದ ಅಕ್ಕನ ಮಗ ಬಿಡಲಿಲ್ಲ. ಒಂದ ಫೈಲ್ ಫ್ಲಾಪಿಗೆ ಹಾಕಿ, ಮೂಲಕ್ಕ ಹೋಲಿಸಿ ನೋಡಿದ. ತಾಳಿ ಆಗಲಿಲ್ಲ. ಚಾಲೂ ಆಗೂ ಮುಂದ ಬರೂ ಸೆಟಪ್ಪಿನ್ಯಾಗ ಹೋಗಿ ಹೊರಗಿನ ಕ್ಯಾಶ್ ಬಂದ್ ಮಾಡಿದ. ಆಗಲೂ ತಾಳಿ ಆಗಲಿಲ್ಲ. ಅದನ್ನ ತಿರುಗಿ ಚಾಲೂ ಮಾಡಿ, ಒಳಗಿನ ಕ್ಯಾಶ್ ಬಂದ್ ಮಾಡಿದ. ಕಂಪ್ಯೂಟರ್ ಎತ್ತಿನ ಬಂಡಿಯಂಗ ಆತು, ಆದ್ರ ಫ್ಲಾಪಿ ಅಕ್ಷರಕ್ಕ ಅಕ್ಷರ ಸರಿ ಬಂತು! "ಚಿಗವ್ವಾ, ತಪ್ಪು ನಿಂದಲ್ಲ" ಅಂದ. ಆವತ್ತು ನಾನು ಅತ್ತದ್ದು ಖರೇ.

ಆತ ಹೇಳಿದ್ದು ನಾನು ಹಾಲಿನ ಲೆಕ್ಕದಾಗ ಹೇಳತೇನಿ. ಒಬ್ಬಾಕಿ ಹಾಲು ತಗೊಂಡ ಕೂಡಲೇ ಗ್ವಾಡಿ ಕ್ಯಾಲೆಂಡರಿನ್ಯಾಗ ಬರೀತಾಳ. ಇದು "ರೈಟ್ ಥ್ರೂ" ಪದ್ಧತಿ. ಇನ್ನೊಬ್ಬಾಕಿ ತಲ್ಯಾಗ ಇಟ್ಕೊಂಡು, ಪುರಸೊತ್ತಾದಾಗ ಬರೀತಾಳ. ಇದು "ರೈಟ್ ಬ್ಯಾಕ್". ಎರಡನೇದು ಜೋರು. ಆದ್ರ ಹಾಲಿನಾವ ಆಕಿನ್ನ ಕೇಳದ ನೇರ ಕ್ಯಾಲೆಂಡರ್ ನೋಡಿ ಲೆಕ್ಕ ಹಿಡದ್ರ? ಹಳೇ ಲೆಕ್ಕ ಸಿಗತೈತಿ. ಫ್ಲಾಪಿ ಡ್ರೈವಿನ ವ್ಯವಹಾರ ಹಿಂಗ: ಪ್ರೊಸೆಸರನ್ನ ಕೇಳದ ನೇರ ಮೆಮೊರಿಗೆ ಕೈ ಹಾಕತೈತಿ. ಆ ಕಾಲದ ಹಾರ್ಡ್ ಡಿಸ್ಕಿನ ಮಾಹಿತಿ ಬಹುತೇಕ ಪ್ರೊಸೆಸರಿನ ಕೈಲೇ ಹೋಗಿ ಬರತಿತ್ತು. ಅದಕ್ಕ ಡಿಸ್ಕಿನ್ಯಾಗಿದ್ದ ಪದ ಸರಿ ಇದ್ವು, ಫ್ಲಾಪಿದು ಕೆಟ್ಟುವು. ಸರಿಯಾದ ಬೋರ್ಡ್ ಇದ್ರ, "ಹಾಲಿನಾವ ಬಂದಾನ, ಮೊದಲು ಬರದ ಇಡು" ಅಂತ ಎಚ್ಚರಸತೈತಿ. ನಮ್ಮ ಬೋರ್ಡ್ ಹಳೇದು, ಅದಕ್ಕ ಈ ಪದ್ಧತಿ ತಿಳೀತಿರಲಿಲ್ಲ. ಬೋರ್ಡಿನ ಮ್ಯಾಲಿನ ಒಂದು ಸಣ್ಣ ಜಂಪರ್ ಕಿತ್ತು ಪಕ್ಕದ ಕಡ್ಡಿಗೆ ಹಾಕಿ, ಪ್ರೊಸೆಸರನ್ನ ರೈಟ್ ಥ್ರೂ ಮಾಡಿದ. ಕ್ಯಾಶ್ ಚಾಲೂ ಇಟ್ರೂ ಮುಂದ ಫ್ಲಾಪಿ ಕೆಡಲಿಲ್ಲ. ಅಂಗಡಿಯಾವ ಮಾಡಬೇಕಾಗಿದ್ದು ಇಷ್ಟ.

ಆ ಕಾಲದಾಗ ಇನ್ನೂ ಮೋಸ ಇದ್ವು. ಕೆಲವು 486 ಬೋರ್ಡುಗಳ ಮ್ಯಾಲೆ ಒಳಗ ಏನೂ ಇಲ್ಲದ ಖಾಲಿ ಪ್ಲಾಸ್ಟಿಕ್ ಚಿಪ್ ಕೂಡಿಸಿ ಕ್ಯಾಶ್ ಐತಿ ಅಂತ ಮಾರ್ತಿದ್ರು, ಅಕ್ಕ್ಯಾಗ ಹಳ್ಳು ಹಾಕಿದಂಗ. 1998ರಾಗ ಇಂಟೆಲ್‌ನವ್ರು ಮೊದಲ ಸೆಲೆರಾನ್‌ನ ಎರಡನೇ ಡಬ್ಬಿ ಇಲ್ಲದ ಸೋವಿಯಾಗಿ ತಂದ್ರು, ನಿಧಾನ ಆತು ಅಂತ ಬೈಸಿಕೊಂಡ್ರು. ಅದ ವರ್ಷ 128 ಕಿಲೋಬೈಟ್ ಒಳಗ ಇಟ್ಟು ತಿರುಗಿ ತಂದ್ರು. ಮುಂದ ಎರಡೂ ಡಬ್ಬಿ ಪ್ರೊಸೆಸರಿನೊಳಗೇ ಸೇರಿ, ಈ ಜಂಪರಿನ ಜಂಜಾಟ ಮುಗೀತು.

ಅವ್ವ ತಿರುಗಿ ಹಾಡಿದ್ಲು, ಆದ್ರ ಮೂವತ್ತಕ್ಕ ಆಕಿ ಉಸುರು ಸಾಲಲಿಲ್ಲ. ಮುಂದಿನ ವರ್ಷ ಹೋದ್ಲು. ಈಗ ನಾನು ಏನ ಕಾಪಿ ಮಾಡಿದ್ರೂ, ತೆರದು ಓದಿ ನೋಡಿದ ಮ್ಯಾಲೇನ ಮೂಲ ಅಳಸತೇನಿ. ನೀವೂ ಹಂಗ ಮಾಡ್ರಿ, ಮೊಮ್ಮಕ್ಕಳ ಫೋಟೋ ಇರಲಿ, ಏನರ ಇರಲಿ.

ಮತ್ತ ಅಕ್ಕಗೋಳ, ವೈನಿಗೋಳ, ಅವ್ವನ ಜೋಡಿ ಬೀಸೂಕಲ್ಲಿಗೆ ಕೂತವ್ರು ನಿಮ್ಮಾಗ ಇನ್ನೂ ಇದ್ದೀರಿ. ನೆನಪಿದ್ದ ಒಂದ ಸಾಲಿದ್ರೂ ನಡೀತೈತಿ, ಫೋನ್ ಮಾಡಿ ಹಾಡ್ರಿ. ನಾನು ಬರಕೋತೇನಿ.