ಜನವರಿಯ ಎರಡು ಮಳೆ

ರಾತ್ರಿ ಹಾಸ್ಟೆಲಿನ ರೂಮಿನಲ್ಲಿ ಓದುವಾಗ ಸಣ್ಣ ದನಿಯಲ್ಲಿ ಏನಾದರೂ ಹಾಕಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಮಾತಿಲ್ಲದ ಸಂಗೀತವಾದರೆ ಒಳ್ಳೆಯದು. ಮಾತಿದ್ದರೆ ಮನಸ್ಸು ಅದರ ಬೆನ್ನು ಹತ್ತಿ ಹೋಗಿಬಿಡುತ್ತದೆ. ಹೀಗೆ ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿ ಬ್ರಯಾನ್ ಈನೋ ಅವರ ‘ಡಿಸ್ಕ್ರೀಟ್ ಮ್ಯೂಸಿಕ್’ ಎಂಬ ಆಲ್ಬಮ್ ನನ್ನ ರೂಮಿಗೆ ಬಂತು. ಬಂದದ್ದು ನಿದ್ದೆಗೆ, ಉಳಿದದ್ದು ನಿದ್ದೆಗೆಡಿಸಲು.

ಅದರ ಮೊದಲ ಬದಿಯ ತುಂಬ ಒಂದೇ ರಚನೆ, ಸುಮಾರು 30 ನಿಮಿಷದ್ದು. ಸಿಂಥಸೈಜರಿನ ಒಂದೆರಡು ಪುಟ್ಟ ಸ್ವರಗುಚ್ಛಗಳು ಎರಡು ಟೇಪ್ ರೆಕಾರ್ಡರುಗಳ ನಡುವೆ ಸುತ್ತಿ, ತಡವಾಗಿ ಮರಳಿ, ಮತ್ತೆ ತಮ್ಮ ಮೇಲೆಯೇ ಬಂದು ಕೂರುತ್ತವೆ. ಗಾಳಿಯಿಲ್ಲದ ಮಧ್ಯಾಹ್ನ ಕೆರೆಯ ಮೇಲೆ ಒಂದು ಎಲೆ ಬೀಳುತ್ತದೆ. ಅದರ ಅಲೆ ದಡ ಮುಟ್ಟುವ ಮೊದಲೇ ಇನ್ನೊಂದು ಎಲೆ. ಕೇಳುತ್ತಾ ಕೂತರೆ ಇದು ಯಾವಾಗ ಶುರುವಾಯಿತು ಎಂಬುದೇ ಮರೆತುಹೋಗುತ್ತದೆ.

ಈ ಆಲ್ಬಮ್ ಹುಟ್ಟಿದ ಕಥೆಯನ್ನು ಈನೋ ಅವರೇ ಅದರ ಹೊದಿಕೆಯ ಮೇಲೆ ಬರೆದಿದ್ದಾರೆ. 1975ರ ಜನವರಿಯಲ್ಲಿ ಅವರಿಗೆ ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿ ಜೂಡಿ ನೈಲಾನ್ 18ನೆಯ ಶತಮಾನದ ಹಾರ್ಪ್ ಸಂಗೀತದ ಒಂದು ರೆಕಾರ್ಡು ತಂದುಕೊಟ್ಟರು. ಆಕೆ ಹೋದ ಮೇಲೆ ಈನೋ ಕಷ್ಟಪಟ್ಟು ಎದ್ದು ಅದನ್ನು ಹಾಕಿ ಬಂದು ಮಲಗಿದರು. ಮಲಗಿದ ಮೇಲೆ ಗೊತ್ತಾಯಿತು: ದನಿ ತೀರಾ ಸಣ್ಣಗಿದೆ, ಸ್ಟೀರಿಯೋದ ಒಂದು ಕಡೆ ಮಾತೇ ಆಡುತ್ತಿಲ್ಲ. ಮತ್ತೆ ಏಳುವ ಶಕ್ತಿಯಿಲ್ಲ. ಹಾಗೇ ಕೇಳಿದರು. ಆಗ ಆ ಸಂಗೀತ ಕೋಣೆಯ ಬೆಳಕಿನ ಹಾಗೆ, ಹೊರಗಿನ ಮಳೆಯ ಹಾಗೆ, ಸುತ್ತಲಿನ ಒಂದು ಭಾಗವಾಗಿ ಕೇಳಿಸಿತು. ಮುಂದೆ ‘ಆಂಬಿಯೆಂಟ್’ ಎಂದು ಹೆಸರಾದ ಸಂಗೀತದ ಮೂಲಕಥೆಯಾಗಿ ಇದನ್ನೇ ಎಲ್ಲರೂ ಹೇಳುತ್ತಾರೆ.

ಅದೇ ಜನವರಿಯಲ್ಲಿ, 24ರ ರಾತ್ರಿ, ಜರ್ಮನಿಯ ಕೋಲ್ನ್ ನಗರದ ಆಪೆರಾ ಭವನದಲ್ಲಿ ಇನ್ನೊಂದು ಕಥೆ ನಡೆಯಿತು. ಅಮೆರಿಕದ ಜಾಝ್ ಪಿಯಾನೊ ವಾದಕ ಕೀತ್ ಜ್ಯಾರೆಟ್ ಕೇಳಿದ್ದು ಬೋಸೆನ್‌ಡಾರ್ಫರ್ ಕಂಪನಿಯ ದೊಡ್ಡ ಪಿಯಾನೊ. ವೇದಿಕೆಯ ಮೇಲಿದ್ದದ್ದು ಅಭ್ಯಾಸಕ್ಕೆ ಬಳಸುವ ಸಣ್ಣದು: ಮೇಲಿನ ಸ್ವರಗಳು ತಗಡಿನಂತೆ, ಕೆಳಗಿನವು ಸೊರಗಿದಂತೆ, ಪೆಡಲುಗಳು ಕೆಟ್ಟಂತೆ. ದೂರದ ಪ್ರಯಾಣ, ಬೆನ್ನುನೋವು ಬೇರೆ. ನುಡಿಸುವುದಿಲ್ಲ ಎಂದ ಜ್ಯಾರೆಟ್ ಕೊನೆಗೆ ಒಪ್ಪಿ, ರಾತ್ರಿ ಹನ್ನೊಂದೂವರೆಗೆ ಕೂತು, ಬಹುಪಾಲು ಆ ಕ್ಷಣಕ್ಕೆ ಹೊಳೆದದ್ದನ್ನೇ ಸುಮಾರು ಒಂದು ಗಂಟೆ ನುಡಿಸಿದರು. ಮ್ಯೂನಿಕ್‌ನ ಇಸಿಎಂ ಸಂಸ್ಥೆ ಅದನ್ನು ‘ದ ಕೋಲ್ನ್ ಕನ್ಸರ್ಟ್’ ಎಂದು ಹೊರತಂದಿತು. ಒಂಟಿ ಪಿಯಾನೊದ ರೆಕಾರ್ಡುಗಳಲ್ಲಿ ಅದರಷ್ಟು ಮಾರಾಟವಾದವು ತೀರಾ ಅಪರೂಪ.

ಕೆಳಗಿನ ಸ್ವರಗಳಿಗೆ ಬಲವಿಲ್ಲದ್ದರಿಂದ ಅವರ ಎಡಗೈ ಒಂದೇ ಲಯವನ್ನು ಬಿಡದೆ ತಿರುಗಿಸುತ್ತದೆ. ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಬೀಸುವ ಕಲ್ಲು. ಎಡಗೈ ಕಲ್ಲು ತಿರುಗಿಸುತ್ತಿದೆ, ಬಲಗೈ ಪದ ಹೇಳುತ್ತಿದೆ. ನಡುನಡುವೆ ಜ್ಯಾರೆಟ್ ನರಳಿದಂತೆ, ಗುನುಗಿದಂತೆ, ಕಾಲಿನಿಂದ ನೆಲ ಬಡಿದಂತೆ ಕೇಳುತ್ತದೆ. ಅದನ್ನು ಯಾರೂ ಅಳಿಸಲಿಲ್ಲ.

ಒಂದೇ ತಿಂಗಳು, ಎರಡು ಊರು, ಎರಡು ಕೆಟ್ಟ ಯಂತ್ರ. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ರುಚಿಯಾದ ಕಾಕತಾಳೀಯ ಬೇಕೆ? ಕ್ಯಾಂಟೀನಿನಲ್ಲಿ ಜೂನಿಯರುಗಳಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ. “ಕೆಟ್ಟದ್ದೇ ಒಳ್ಳೆಯದಾಯಿತು ನೋಡ್ರಪ್ಪ” ಎಂದು ಮುಗಿಸುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು.

ಆಮೇಲೆ ಜೂಡಿ ನೈಲಾನ್ ಹೇಳಿದ ಕಥೆ ಓದಿದೆ. ಅವರೂ ಕಲಾವಿದೆ. ಅವರ ನೆನಪಿನಲ್ಲಿ ಅಂದು ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಜೋರು ಮಳೆ. ಕೈಯಲ್ಲಿದ್ದ ಕೊನೆಯ ಕಾಸಿನಲ್ಲಿ ಆ ರೆಕಾರ್ಡು ಕೊಂಡರು. ಕೋಣೆಯಲ್ಲಿ ಅದನ್ನು ಹಾಕಿದ್ದು ತಾವೇ. ಕಿಟಕಿಯ ಮಳೆಯ ಸದ್ದಿಗೂ ತಂತಿಗಳ ಸದ್ದಿಗೂ ಹೊಂದುವಂತೆ ದನಿಯನ್ನು ತೂಗಿ ಇಟ್ಟದ್ದೂ ತಾವೇ. ಮಲಗಿದ್ದ ಈನೋ ಅದನ್ನು ಥಟ್ಟನೆ ಗ್ರಹಿಸಿ, ತಾವಿದ್ದಲ್ಲಿಗೆ ಸರಿಯಾಗಿ ಕೇಳುವಂತೆ ಹೊಂದಿಸಲು ನೆರವಾದರು. ಅಲ್ಲಿ ಆಕಸ್ಮಿಕವಾಗಿ ಏನೂ ನಡೆಯಲಿಲ್ಲ ಎಂಬುದು ಅವರ ಮಾತು.

ಯಾರ ನೆನಪು ಸರಿ? ಆ ಕೋಣೆಯಲ್ಲಿ ಇದ್ದವರು ಇಬ್ಬರೇ. ಈನೋ ಅವರು ಗೆಳತಿಯ ಹೆಸರನ್ನು ಮುಚ್ಚಿಟ್ಟವರೂ ಅಲ್ಲ, ಹೊದಿಕೆಯ ಮೇಲೆಯೇ ಬರೆದರು. ಆದರೆ ಒಂದು ಕಥೆಯಲ್ಲಿ ಆಕೆ ರೆಕಾರ್ಡು ಕೊಟ್ಟು ಹೋಗುವವರು. ಇನ್ನೊಂದರಲ್ಲಿ ಮಳೆಯನ್ನೂ ಹಾರ್ಪನ್ನೂ ಒಟ್ಟಿಗೆ ಮೊದಲು ಕೇಳಿಸಿಕೊಂಡವರು. ನಾವೆಲ್ಲ ಬಾಯಿಪಾಠ ಮಾಡಿದ್ದು ಮೊದಲನೆಯದನ್ನು. ‘ಆಕಸ್ಮಿಕ’ ಎಂಬ ಪದ ಇದ್ದ ಕಡೆ ಯಾರ ಕೈಯನ್ನೂ ಹುಡುಕಬೇಕಾಗಿಲ್ಲವಲ್ಲ.

ಕೋಲ್ನ್ ಕಥೆಗೆ ಮರಳಿದೆ. ಅಲ್ಲಿಯೂ ಮಳೆ, ಅಲ್ಲಿಯೂ ಒಬ್ಬ ಹುಡುಗಿ. ಕಛೇರಿ ಏರ್ಪಡಿಸಿದ್ದು ವೆರಾ ಬ್ರಾಂಡೆಸ್, ಇನ್ನೂ ಹದಿಹರೆಯ ದಾಟದವರು. ಆಪೆರಾ ಭವನದಲ್ಲಿ ಜಾಝ್ ನುಡಿಸಲು ಜಾಗ ಪಡೆದದ್ದು ಅವರು, 1,400ರಷ್ಟು ಜನರನ್ನು ಸೇರಿಸಿದ್ದು ಅವರು, ಕಾರಿನಲ್ಲಿ ಕೂತು ಹೊರಟಿದ್ದ ಜ್ಯಾರೆಟ್ ಅವರನ್ನು ಮಳೆಯಲ್ಲಿ ನೆನೆಯುತ್ತಾ ನಿಂತು ಒಪ್ಪಿಸಿದ್ದೂ ಅವರು. ಪಿಯಾನೊ ಶ್ರುತಿ ಮಾಡುವವರು ಗಂಟೆಗಟ್ಟಲೆ ಕೂತು ಆ ವಾದ್ಯವನ್ನು ನುಡಿಸುವ ಮಟ್ಟಕ್ಕೆ ತಂದರು. ಕೆಟ್ಟ ಪಿಯಾನೊ ತಾನಾಗಿ ಸಂಗೀತ ಆಗಲಿಲ್ಲ. 50 ವರ್ಷದ ನಂತರ, 2025ರಲ್ಲಿ, ಬ್ರಾಂಡೆಸ್ ಅವರನ್ನೇ ನಡುವೆ ಇಟ್ಟು ‘ಕೋಲ್ನ್ 75’ ಎಂಬ ಸಿನಿಮಾ ಬಂತು.

ಈ ಪ್ರಶ್ನೆ ನನ್ನನ್ನು ಇಷ್ಟು ಕಾಡಲು ಕಾರಣ ನನ್ನ ಮೇಜಿನ ಮೇಲಿದ್ದ ಒಂದು ಕ್ಯಾಸೆಟ್.

ನನ್ನ ಸಂಶೋಧನೆ ಬೀಸುವ ಪದ, ಕುಟ್ಟುವ ಪದಗಳ ಸಂಗ್ರಹದ ಚರಿತ್ರೆ. ಯಾರು ಸಂಗ್ರಹಿಸಿದರು, ಹೇಗೆ ಪುಸ್ತಕವಾಯಿತು ಎಂಬುದು. ನಮ್ಮ ಸೋದರಮಾವ ಮೇಷ್ಟರಾಗಿದ್ದಾಗ ರೆಕಾರ್ಡ್ ಮಾಡಿದ ಕೆಲವು ಕ್ಯಾಸೆಟ್ಟುಗಳು ಮನೆಯ ಅಟ್ಟದಲ್ಲಿದ್ದವು. ಒಂದರ ಮೇಲೆ ನೀಲಿ ಶಾಯಿಯಲ್ಲಿ ‘ಬೀಸೋ ಪದ, ಹೆಂಗಸರು, 1987’ ಎಂದಿತ್ತು. ಟೇಪು ಸವೆದಿತ್ತು, ಒಂದು ಕಡೆಯ ದನಿ ಹೋಗಿಯೇ ಬಿಟ್ಟಿತ್ತು. ಅದನ್ನು ಕಂಪ್ಯೂಟರಿಗೆ ಏರಿಸಿ, ಹಿಸ್ಸೆನ್ನುವ ಸದ್ದು ತೆಗೆದು, ಹಾಡಲ್ಲದ್ದನ್ನೆಲ್ಲ ಕತ್ತರಿಸಿ, ಚೊಕ್ಕಟ ಮಾಡಿದೆ. ಅಧ್ಯಾಯದಲ್ಲಿ ‘ಅನಾಮಿಕ ಗಾಯಕಿಯರು’ ಎಂದು ಬರೆದೆ. ಬರೆಯುವಾಗ ಆ ಪದ ಬಹಳ ಗಂಭೀರವಾಗಿ ಕಂಡಿತ್ತು.

ನೈಲಾನ್ ಅವರ ಮಾತು ಓದಿದ ವಾರ ಕತ್ತರಿಸದ ಮೂಲ ಫೈಲನ್ನು ಮತ್ತೆ ಹಾಕಿದೆ. ಹಂಚಿನ ಮೇಲೆ ಮಳೆ. ಎಲ್ಲೋ ಮಗು ಅಳುತ್ತದೆ. ಪದ ನಿಲ್ಲುತ್ತದೆ. ಒಬ್ಬ ಹೆಂಗಸು ಹೇಳುತ್ತಾಳೆ: “ಅದ್ನ ಕಲ್ಲಿನ್ ಪಕ್ಕದಲ್ಲಿ ಇಡಪ್ಪ, ಇಲ್ದಿದ್ರೆ ಬರೀ ನನ್ ಗಂಟ್ಲೇ ಕೇಳ್ತದೆ.” ರೆಕಾರ್ಡರ್ ಎಳೆದ ಸದ್ದು. ಮತ್ತೆ ಪದ ಶುರುವಾಗುತ್ತದೆ, ಈಗ ಕಲ್ಲಿನ ಗುರುಗುರು ದನಿಯ ಕೆಳಗೆ ನೆಲದಂತೆ ಹಾಸಿಕೊಂಡಿದೆ.

ಆ ಹದಿನೈದು ಸೆಕೆಂಡನ್ನು ನಾನು ಗಲಾಟೆ ಎಂದು ತೆಗೆದಿದ್ದೆ. ಕಲ್ಲು, ದನಿ, ಮಳೆ ಮೂರೂ ಹೇಗೆ ಸೇರಬೇಕು ಎಂದು ತೀರ್ಮಾನ ಮಾಡಿದವಳು ಆಕೆ. ಮಾವ ಗುಂಡಿ ಒತ್ತಿದ್ದರು ಅಷ್ಟೇ.

ಹೆಸರು ಬರೆಯುವುದು ಅಷ್ಟು ಕಷ್ಟದ ಕೆಲಸವೂ ಅಲ್ಲ. ಈನೋ ಅವರೇ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮ್ಮಿನಲ್ಲಿ ಅದನ್ನು ಮಾಡಿದ್ದಾರೆ. ಅದರ ಕಲ್ಪನೆ ಮೊಳೆತದ್ದು ಕೋಲ್ನ್ ವಿಮಾನ ನಿಲ್ದಾಣದಲ್ಲಿ ಎನ್ನುತ್ತಾರೆ. ಎರಡನೆಯ ರಚನೆಯಲ್ಲಿ ವಾದ್ಯಗಳೇ ಇಲ್ಲ. ಬೇರೆಬೇರೆ ಉದ್ದದ ಟೇಪಿನ ಸುತ್ತುಗಳಲ್ಲಿ ‘ಆ’ ಎನ್ನುವ ಉಸಿರು ಮಾತ್ರ. ಬೆಳಗಿನ ಮಂಜಿನಲ್ಲಿ ದೂರದೂರದ ಮನೆಗಳ ದೀಪ ಒಂದೊಂದಾಗಿ ಹತ್ತಿ ಆರಿದಂತೆ. ಆ ಉಸಿರುಗಳು ಕ್ರಿಸ್ಟಾ ಫಾಸ್ಟ್, ಕ್ರಿಸ್ಟೀನ್ ಗೋಮೆಜ್, ಇಂಗೆ ಝೈನಿಂಗರ್ ಅವರದು. ಒಂದೊಂದೇ ಸ್ವರ ಹಾಡಿದವರಿಗೂ ಹೊದಿಕೆಯ ಮೇಲೆ ಜಾಗ ಸಿಕ್ಕಿದೆ.

ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಕೋಲ್ನ್ ಕಛೇರಿಯನ್ನು ಹೊರತಂದ ಅದೇ ಇಸಿಎಂ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಮ್ ತಂದಿತು. ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಸಂಸ್ಥೆ ಅದು. ಆದರೆ ಆಲ್ಬಮ್ ಕೇಳಿದವರ ಕಿವಿಯಲ್ಲಿ ಉಳಿಯುವುದು ಆರ್.ಎ. ರಾಮಮಣಿ ಅವರ ದನಿ. ಸ್ಯಾಕ್ಸೊಫೋನ್ ಅವರನ್ನು ಹಿಂಬಾಲಿಸುತ್ತದೆ, ದಾರಿ ಕೇಳುತ್ತದೆ, ಕೆಲವೊಮ್ಮೆ ಸುಮ್ಮನೆ ನಿಂತು ನೋಡುತ್ತದೆ. ವಿದೇಶದ ವಾದಕನಿಗೆ ಸಿಕ್ಕ ‘ಪೂರ್ವದ ಪ್ರೇರಣೆ’ ಎಂಬ ಮಬ್ಬು ಮಾತಾಗಿ ಅದು ಉಳಿಯಲಿಲ್ಲ. ಪ್ರೇರಣೆಗೆ ಒಂದು ಹೆಸರಿದೆ, ಇನಿಷಿಯಲ್ ಸಮೇತ.

ಕಳೆದ ತಿಂಗಳು ಊರಿಗೆ ಹೋಗಿ ಮಾವನಿಗೆ ಆ ಹದಿನೈದು ಸೆಕೆಂಡು ಕೇಳಿಸಿದೆ. ಅವರು ಕನ್ನಡಕ ತೆಗೆದು, ಇನ್ನೊಮ್ಮೆ ಹಾಕು ಎಂದರು. ಮೂರನೆಯ ಸಲಕ್ಕೆ ಹೆಸರು ನೆನಪಾಯಿತು. ಆಕೆ ಈಗಿಲ್ಲ. ಮಗಳು ಪಕ್ಕದ ಊರಿನಲ್ಲಿದ್ದಾರೆ. ಫೋನಿನಲ್ಲಿ ಅವರಿಗೂ ಕೇಳಿಸಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಅಳ್ತಿರೋದು ನಾನೇ ಇರ್ಬೇಕು ಕಣಪ್ಪ” ಅಂದರು.

ಅವರ ಮನೆಗೆ ಹೋಗಿ ಒಪ್ಪಿಗೆ ಪಡೆಯುವವರೆಗೆ ಹೆಸರನ್ನು ಇಲ್ಲಿ ಬರೆಯಲಾರೆ. ಅಧ್ಯಾಯದಲ್ಲಿ ಮಾತ್ರ ‘ಅನಾಮಿಕ’ ಎಂಬ ಪದವನ್ನು ಹೊಡೆದುಹಾಕಿ ಜಾಗ ಖಾಲಿ ಬಿಟ್ಟಿದ್ದೇನೆ. ಫೈಲಿನಲ್ಲಿ ಮಳೆಯೂ ಮಗುವೂ ಕಲ್ಲೂ ಇದ್ದಲ್ಲೇ ಇವೆ.