ಕೋವಿ ಯಾರ ಹಕ್ಕು? ಹಲಗಲಿ, ಕೊಡಗು ಮತ್ತು ಒಂದಿಷ್ಟು ಬ್ಯಾಸ್ಕೆಟ್‌ಬಾಲ್

ಆಟಗಾರರ ಕೈಯಲ್ಲಿ ಬಂದೂಕು ಇರಬೇಕೋ ಬೇಡವೋ ಅನ್ನೋ ವಾದ ಅಮೆರಿಕದಲ್ಲಿ ಇವತ್ತಿನದಲ್ಲ. ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಅಂತೂ ಇದರಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. 2009ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ವಿಜರ್ಡ್ಸ್ ತಂಡದ ಗಿಲ್ಬರ್ಟ್ ಅರೀನಾಸ್, ಜೊತೆಗಾರ ಜಾವರಿಸ್ ಕ್ರಿಟೆಂಟನ್ ಜೊತೆ ಜಗಳವಾಡಿ, ಆಟಗಾರರು ಬಟ್ಟೆ ಬದಲಿಸೋ ಕೋಣೆಗೇ ಬಂದೂಕು ತಂದ. ಇಬ್ಬರನ್ನೂ ಆ ಸೀಸನ್ ಮುಗಿಯೋವರೆಗೆ ಹೊರಗಿಟ್ಟರು. ವಿಚಿತ್ರ ಅಂದ್ರೆ ಆ ತಂಡದ ಹಳೇ ಹೆಸರು ‘ಬುಲೆಟ್ಸ್’! ಹಿಂಸೆಯನ್ನ ನೆನಪಿಸೋ ಹೆಸರು ಬೇಡ ಅಂತ 1997ರಲ್ಲಿ ಬದಲಾಯಿಸಿದ್ದರು.

2023ರಲ್ಲಿ ಮೆಂಫಿಸ್ ತಂಡದ ಜಾ ಮೊರಾಂಟ್ ವೀಡಿಯೋದಲ್ಲಿ ಬಂದೂಕು ತೋರಿಸಿದ. ಕೊಲೊರಾಡೋದ ಪೊಲೀಸರು ಕೇಸು ಹಾಕಲಿಲ್ಲ, ಆದರೆ ಲೀಗ್ ಬಿಡಲಿಲ್ಲ. ಮೊದಲು 8 ಪಂದ್ಯ, ಮತ್ತೆ ಅದೇ ಕೆಲಸ ಮಾಡಿದಾಗ 25 ಪಂದ್ಯ ನಿಷೇಧ. ಅಲ್ಲಿ ಶುರುವಾಗೋದೇ ವಾದ. ಬಂದೂಕು ಇಟ್ಟುಕೊಳ್ಳೋದು 1791ರ ಎರಡನೇ ತಿದ್ದುಪಡಿಯಿಂದ ಸಿಕ್ಕ ಹಕ್ಕು, ಅದನ್ನ ಕೇಳೋಕೆ ಸಂಬಳ ಕೊಡೋ ಲೀಗ್ ಯಾರು? ಅಂತ ಒಂದು ಕಡೆ. ಹಕ್ಕು ಮನೆಯಲ್ಲಿರಲಿ, ನಮ್ಮ ಅಂಗಳಕ್ಕೆ ಬೇಡ ಅಂತ ಇನ್ನೊಂದು ಕಡೆ.

ಅದಕ್ಕೂ ನಮಗೂ ಏನ್ರೀ ಸಂಬಂಧ ಅಂತೀರಾ? ಸಂಬಂಧ ಐತಿ. ‘ಆಯುಧ ನಮ್ಮದು, ಕೊಡೋದಿಲ್ಲ’ ಅಂತ ಹೇಳಿ ಗಲ್ಲಿಗೇರಿದವರು ನಮ್ಮ ಹುಬ್ಬಳ್ಳಿ-ಧಾರವಾಡದ ಆಚೆಗೇ ಇದ್ದರು. ಹಲಗಲಿಯ ಬೇಡರು.

ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಒಂದು ಹಳ್ಳಿ. ಆಗ ಮುಧೋಳ ಘೋರ್ಪಡೆಯವರ ಸಂಸ್ಥಾನ. 1857ರ ದಂಗೆ ಎದ್ದಿದ್ದೇ ತಡ, ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ, ಇದ್ದದ್ದನ್ನ ತಂದು ಒಪ್ಪಿಸಬೇಕು. ಪೇಟೆಯ ವ್ಯಾಪಾರಿಗೆ ಇದು ಒಂದು ಸರ್ಕಾರಿ ಕಾಗದ ಅಷ್ಟೇ. ಬೇಟೆಯಾಡಿ ಬದುಕೋ ಬೇಡರಿಗೆ ಅದು ಅನ್ನದ ಪ್ರಶ್ನೆ, ಅದಕ್ಕಿಂತ ಹೆಚ್ಚಾಗಿ ಮಾನದ ಪ್ರಶ್ನೆ. ಕೊಡೋದಿಲ್ಲ ಅಂದರು. ಜಡಗ, ಬಾಲ, ರಾಮ, ಹನುಮ... ಈ ಹೆಸರುಗಳು ಲಾವಣಿಯಲ್ಲಿ ಉಳಿದಿವೆ. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಂನ ದಂಡು ಬಂತು. ಊರಿಗೆ ಬೆಂಕಿ ಇಟ್ಟರು. ಡಿಸೆಂಬರ್‌ನಲ್ಲಿ 19 ಜನರನ್ನ ಗಲ್ಲಿಗೆ ಹಾಕಿದರು, ಕೆಲವರನ್ನ ಮುಧೋಳದಲ್ಲಿ, ಉಳಿದವರನ್ನ ಹಲಗಲಿಯಲ್ಲೇ, ಅವರ ಊರವರ ಕಣ್ಣೆದುರಿಗೇ.

ಆ ಲಾವಣಿಯನ್ನ ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಜೆ. ಎಫ್. ಫ್ಲೀಟ್. ನಮ್ಮ ಶಾಸನಗಳನ್ನ ಓದಿದ ಅದೇ ಫ್ಲೀಟ್. ಇತ್ತೀಚೆಗೆ ಹತ್ತನೇ ಇಯತ್ತೆಯ ಕನ್ನಡ ಪುಸ್ತಕದಲ್ಲೂ ಅದು ಪಾಠವಾಗಿದೆ. ಮಕ್ಕಳು ಅದನ್ನ ಸ್ವಾತಂತ್ರ್ಯ ಹೋರಾಟ ಅಂತ ಓದುತ್ತಾರೆ, ಸರಿಯೇ. ಆದರೆ ಜಗಳ ಶುರುವಾಗಿದ್ದು ಆಯುಧದ ಹಕ್ಕಿನಿಂದ ಅನ್ನೋದನ್ನ ನಾವು ಅಷ್ಟಾಗಿ ಗಮನಿಸೋದಿಲ್ಲ.

ಈಗ ಕರ್ನಾಟಕದ ಇನ್ನೊಂದು ತುದಿಗೆ ಬನ್ನಿ, ಕೊಡಗಿಗೆ. ಅದೇ ಕಾಯ್ದೆ, ಅದೇ ದೊರೆಗಳು. ಆದರೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ (ಹೌದು, ಬೆಂಗಳೂರಿನ ಪಾರ್ಕಿನ ಹೆಸರಿನ ಕಬ್ಬನ್ನೇ) ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಕಾರಣ? ದಂಗೆಯ ಕಾಲದಲ್ಲಿ ಅವರು ಸರ್ಕಾರಕ್ಕೆ ನಿಷ್ಠರಾಗಿದ್ದರು ಅಂತ. ಒಂದೇ ಕಾಯ್ದೆ, ನಾಲ್ಕೇ ವರ್ಷದ ಅಂತರ. ಹಲಗಲಿಗೆ ಗಲ್ಲು, ಕೊಡಗಿಗೆ ಕೋವಿ.

ಇದರಲ್ಲಿ ಕೊಡವರ ತಪ್ಪೇನೂ ಇಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ಅವರ ಕೋವಿ ಕಬ್ಬನ್ ಕೊಟ್ಟಿದ್ದಲ್ಲ, ಅವನಿಗಿಂತ ಹಳೆಯದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸೋ ಪದ್ಧತಿ ಅವರದು. ಕೈಲ್‌ಪೊಳ್ದ್‌ನಲ್ಲಿ ಆಯುಧಕ್ಕೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡೋ ಪಂದ್ಯ. ಕೋವಿಯೂ ಆಟವೂ ಅಲ್ಲಿ ಒಂದೇ ಮನೆಯಲ್ಲಿ ಬೆಳೆದವು. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ, ಈ ಹಾಕಿ ಒಲಿಂಪಿಯನ್ನರು ಬಂದದ್ದು ಆ ಮಣ್ಣಿನಿಂದಲೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 60 ಮನೆತನದ ತಂಡಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360! ಒಕ್ಕದ ಹೆಸರಲ್ಲೇ ತಂಡ, ಒಕ್ಕದ ಮನೆಯಲ್ಲೇ ಕೋವಿ. ಅರೀನಾಸ್‌ನ ಪಿಸ್ತೂಲು ಒಬ್ಬನ ಸಿಟ್ಟಿನ ಸಾಮಾನು, ಇಲ್ಲಿ ಕೋವಿ ಮನೆತನದ್ದು, ಹಿರಿಯರ ಲೆಕ್ಕದೊಳಗಿನದು. ಆಟಗಾರ ಮತ್ತು ಬಂದೂಕು ಅಂದ ಕೂಡಲೇ ಎರಡೂ ಕಡೆ ಒಂದೇ ಅರ್ಥ ಬರೋದಿಲ್ಲ ನೋಡ್ರಿ.

ಸರಿ, ಸ್ವಾತಂತ್ರ್ಯ ಬಂತಲ್ಲ, ಆಗೇನಾಯಿತು? 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದೋ ಹಕ್ಕು ಎಲ್ಲ ಪ್ರಜೆಗಳಿಗೂ ಇತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಎಚ್. ವಿ. ಕಾಮತ್ ಅದನ್ನೇ ಮೂಲಭೂತ ಹಕ್ಕಾಗಿ ಸೇರಿಸಿ ಅಂತ ಕೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ಹಕ್ಕು ಅಂದಮೇಲೆ ಕಳ್ಳರಿಗೂ ಕೊಡಬೇಕಾಗುತ್ತೆ ಅನ್ನೋದು ಅವರ ಮಾತಿನ ಸಾರ. ಹಾಗಾಗಿ ನಮ್ಮ 19ನೇ ವಿಧಿಯಲ್ಲಿ ಸಿಕ್ಕಿದ್ದು ಅದರ ತದ್ವಿರುದ್ಧ, ಶಾಂತವಾಗಿ, *ಆಯುಧವಿಲ್ಲದೆ* ಸಭೆ ಸೇರುವ ಹಕ್ಕು. ಅಂಬೇಡ್ಕರ್ ಹೇಳಿದ್ದೇ ಸರಿ ಅಂತ ನನಗನಿಸುತ್ತೆ. ಬಟ್ಟೆ ಬದಲಿಸೋ ಕೋಣೆಯ ಜಗಳಕ್ಕೆ ಪಿಸ್ತೂಲು ಹೊರಡೋ ದೇಶ ನಮಗೆ ಬೇಡ.

ಆದರೆ ವಿನಾಯಿತಿ ಹೋಗಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ, 1963ರಲ್ಲಿ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. ಪಿಸ್ತೂಲು, ರಿವಾಲ್ವರ್‌ಗೆ ಅದು ಅನ್ವಯಿಸೋದಿಲ್ಲ. ಇದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಹೋದರು. 2021ರಲ್ಲಿ ಕೋರ್ಟು ವಿನಾಯಿತಿಯನ್ನ ಎತ್ತಿಹಿಡಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ ಹತ್ತು ವರ್ಷ ವಿಸ್ತರಿಸಿದೆ, ಅಂದರೆ 2029ರವರೆಗೆ.

ಆ ‘ರವರೆಗೆ’ ಅನ್ನೋ ಮಾತೇ ನನ್ನನ್ನ ಯೋಚನೆಗೆ ಹಚ್ಚಿದ್ದು. ಹಕ್ಕಿಗೆ ಕೊನೇ ದಿನಾಂಕ ಇರೋದಿಲ್ಲ. ಕೊನೇ ದಿನಾಂಕ ಇರೋದು ಬಹುಮಾನಕ್ಕೆ. ಕೊಡವರು ಇದನ್ನ ಹಕ್ಕು ಅಂತಲೇ ತಿಳಿದಿದ್ದಾರೆ, ಅವರ ಬದುಕು ನೋಡಿದರೆ ಅದು ನ್ಯಾಯವೇ. ಆದರೆ ಕಾಗದದಲ್ಲಿ ಅದು ಇವತ್ತಿಗೂ ದೊರೆ ಕೊಟ್ಟ, ದೊರೆ ವಾಪಸ್ ತಗೋಬಹುದಾದ ವಸ್ತು. ಬೇಡರಿಗೂ ಬೇಟೆಯ ಬದುಕಿತ್ತು, ಪದ್ಧತಿಯಿತ್ತು, ಆಯುಧದ ಮೇಲೆ ಅಷ್ಟೇ ಪ್ರೀತಿಯಿತ್ತು. ಅವರಿಗೆ ಇರದಿದ್ದದ್ದು ಒಂದೇ, ಕಂಪನಿಯ ಮೆಚ್ಚುಗೆ.

ಕೊಡವರ ಕೋವಿ ಕಸಿದುಕೊಳ್ಳಿ ಅಂತ ನಾನು ಹೇಳ್ತಾ ಇಲ್ಲ. ಹಲಗಲಿಯವರಿಗೆ ಈಗ ಬಂದೂಕು ಹಂಚಿ ಅಂತಲೂ ಅಲ್ಲ. 2029ರಲ್ಲಿ ಮತ್ತೆ ಈ ಪ್ರಶ್ನೆ ಬಂದಾಗ ‘ಯಾರು ನಿಷ್ಠರು’ ಅನ್ನೋ 1861ರ ಅಳತೆಗೋಲು ಬಿಟ್ಟು, ಪದ್ಧತಿ ಏನು, ಕಾಡಂಚಿನ ಬೆಳೆಗಾರನಿಗೆ ಅಗತ್ಯ ಏನು, ಅಪಾಯ ಎಷ್ಟು ಅಂತ ಎಲ್ಲರಿಗೂ ಒಂದೇ ಗಜದಲ್ಲಿ ಅಳೆಯಲಿ. ಅಷ್ಟಾದರೆ ಆ 19 ಜನಕ್ಕೆ ನಾವು ಸಲ್ಲಿಸೋ ಸಣ್ಣ ಗೌರವ ಅದು.

ಕೊಡಗಿನ ಕಡೆಯ ಗೆಳೆಯರು, ಮುಧೋಳದ ಕಡೆಯವರು ಯಾರಾದರೂ ಓದುತ್ತಿದ್ದರೆ ನಿಮಗೇನನಿಸುತ್ತೆ ಅಂತ ದಯವಿಟ್ಟು ಬರೀರಿ.