ಸಂತ ಮರಿಯಮ್ಮನವರ ಬೆಸಿಲಿಕಾ, ಶಿವಾಜಿನಗರ

ಬೆಂಗಳೂರಿನ ಅತ್ಯಂತ ಹಳೆಯ ಚರ್ಚುಗಳಲ್ಲೊಂದು. ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರು 1818ರಲ್ಲಿ ಇಲ್ಲಿ ಕಟ್ಟಿಸಿದ ಪುಟ್ಟ ಪ್ರಾರ್ಥನಾ ಮಂದಿರದಿಂದ ಇದರ ಚರಿತ್ರೆ ಶುರುವಾಗುತ್ತದೆ. ತಮಿಳು ನಾಡಿನಿಂದ ಬಂದು ಈ ಭಾಗದಲ್ಲಿ ನೆಲೆಸಿದ್ದ ಕ್ರೈಸ್ತ ಕುಟುಂಬಗಳಿಗೆ ಅದು ಆಸರೆಯಾಗಿತ್ತು.

ಈಗಿನ ಕಟ್ಟಡ
ದಂಡು ಪ್ರದೇಶ (ಕಂಟೋನ್ಮೆಂಟ್) ಬೆಳೆದಂತೆ ದೊಡ್ಡ ಚರ್ಚು ಬೇಕಾಯಿತು. ಮುಂದೆ ಮೈಸೂರಿನ ಬಿಷಪ್ ಆದ ಪಾದ್ರಿ ಕ್ಲೈನರ್ ಅವರು ಇದನ್ನು ಕಟ್ಟಿಸಿದರು. 1882ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನದಂದೇ, ಇದರ ಪ್ರತಿಷ್ಠಾಪನೆಯಾಯಿತು.

ಗಮನಿಸಿ ನೋಡಿ
ಇದು ಗೋಥಿಕ್ ಶೈಲಿ. ಬಾಗಿಲು, ಕಿಟಕಿಗಳ ಕಮಾನುಗಳು ಮೇಲೆ ಚೂಪಾಗಿ ಕೂಡುತ್ತವೆ. ಸಾಲುಕಂಬಗಳ ನಡುವೆ ನಿಂತು ತಲೆಯೆತ್ತಿದರೆ, ದೃಷ್ಟಿ ತಾನಾಗಿ ಮೇಲಕ್ಕೇರುತ್ತದೆ. ಶಿಲ್ಪಿಗಳ ಉದ್ದೇಶವೂ ಅದೇ. ಗೋಪುರದ ಎತ್ತರ ಸುಮಾರು 160 ಅಡಿ. ಬಣ್ಣದ ಗಾಜಿನ ಕಿಟಕಿಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಚ್ಚಿ ಜೋಪಾನ ಮಾಡಲಾಗಿತ್ತು. 1947ರಲ್ಲಿ ಮತ್ತೆ ಜೋಡಿಸಲಾಯಿತು. ಅವು ಇಂದಿಗೂ ಉಳಿದಿವೆ.

ಸೀರೆಯುಟ್ಟ ಮಾತೆ
ಇಲ್ಲಿನ ಮರಿಯಮ್ಮನವರ ಪ್ರತಿಮೆಗೆ ಸೀರೆ ಉಡಿಸುತ್ತಾರೆ. ಭಕ್ತರು ಸೀರೆಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಪ್ರತಿ ವರ್ಷ ಮಾತೆಯ ಜನ್ಮದಿನದ ಹಬ್ಬಕ್ಕೆ ಆಗಸ್ಟ್ ಕೊನೆಯಲ್ಲಿ ಧ್ವಜಾರೋಹಣ, ನವದಿನಗಳ ಪ್ರಾರ್ಥನೆ, ಸೆಪ್ಟೆಂಬರ್ 8ರಂದು ತೇರು. ಕಾವಿ ಬಟ್ಟೆ ತೊಟ್ಟು ಹರಕೆ ತೀರಿಸುವವರಲ್ಲಿ ಎಲ್ಲ ಮತಗಳವರೂ ಇದ್ದಾರೆ. ಪೋಪ್ ಆರನೇ ಪೌಲರು 1973ರಲ್ಲಿ ಈ ಚರ್ಚಿಗೆ ಬೆಸಿಲಿಕಾ ಪದವಿ ನೀಡಿದರು.

ಇಲ್ಲಿ ನಿತ್ಯ ಪೂಜೆ ನಡೆಯುತ್ತದೆ. ಪ್ರಾರ್ಥಿಸುವವರಿಗೆ ತೊಂದರೆಯಾಗದಂತೆ ನೋಡಿ. ಕಂಬ, ಗೋಡೆಗಳ ಮೇಲೆ ಏನನ್ನೂ ಬರೆಯಬೇಡಿ. ಇದನ್ನು ಮುಂದಿನ ಪೀಳಿಗೆಗೆ ಉಳಿಸುವ ಹೊಣೆ ನಮ್ಮೆಲ್ಲರದು.